ಅಡಿಕೆ ಬಿಲ್ಲಿಗೆ ಫ್ಲೋಟ್ ಬೇಡ

ಬದಿಯಡ್ಕದ ಅಡಿಕೆ ಅಂಗಡಿಗೆ ಬಿಲ್ ಪ್ರೋಗ್ರಾಂ ಬರೆಯುತ್ತಿದ್ದೀರಿ, ಮೊತ್ತದಲ್ಲಿ ಪೈಸೆ ತಪ್ಪುತ್ತಿದೆ, ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ವಿಧ) ಬದಲು ಡಬಲ್ (ಅದರದ್ದೇ ಹೆಚ್ಚು ನಿಖರವಾದ ರೂಪ) ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ, ಅಲ್ವಾ? ಇಲ್ಲ. ತಪ್ಪು ಚಿಕ್ಕದಾಗುತ್ತದೆ, ಹೋಗುವುದಿಲ್ಲ. ಮೂರರಲ್ಲೊಂದನ್ನು ನಾವು 0.333 ಅಂತ ಎಳೆಯುತ್ತಾ ಹೋಗುವ ಹಾಗೆ, ಕಂಪ್ಯೂಟರಿನ ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರ ಲೆಕ್ಕದಲ್ಲಿ, 0.1 ಮುಗಿಯುವುದೇ ಇಲ್ಲ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ.

ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಇಂಟಿಜರ್ (ಪೂರ್ಣ ಸಂಖ್ಯೆ) ಆಗಿಯೇ ಇಡಿ. ಆದರೆ 32 ಬಿಟ್‌ನ (ಬಿಟ್ ಅಂದರೆ ಒಂದು 0 ಅಥವಾ 1ರ ಜಾಗ) ಇಂಟಿಜರ್ ಸಾಲದು. ನಾನೇ ಇದರಲ್ಲಿ ಸಿಕ್ಕಿಬಿದ್ದವನು! 62 ಕಿಲೋ 350 ಗ್ರಾಂನ ಒಂದು ಗೋಣಿ, ಕಿಲೋಗೆ 430.50 ರೂಪಾಯಿ ಅಂತಿಟ್ಟುಕೊಳ್ಳಿ. 62,350 ಗ್ರಾಂ ಅನ್ನು 43,050 ಪೈಸೆಯಿಂದ ಗುಣಿಸಿದರೆ 268 ಕೋಟಿ ದಾಟುತ್ತದೆ. 32 ಬಿಟ್‌ನಲ್ಲಿ ಹಿಡಿಯುವುದು 214 ಕೋಟಿ ಚಿಲ್ಲರೆ ಮಾತ್ರ. ನನ್ನ ಬಿಲ್ ಮೈನಸ್‌ನಲ್ಲಿ ಬಂತು, ಅಂಗಡಿಯವರು ನಕ್ಕದ್ದೇ ನಕ್ಕದ್ದು. ಗುಣಿಸುವ ಮೊದಲೇ 64 ಬಿಟ್‌ಗೆ ಬದಲಿಸಿ. ದರ ಕಿಲೋಗೆ, ತೂಕ ಗ್ರಾಂನಲ್ಲಿ ಇರುವುದರಿಂದ, ಬಂದದ್ದಕ್ಕೆ 500 ಕೂಡಿಸಿ, ಆಮೇಲೆ 1000ದಿಂದ ಭಾಗಿಸಿ. 500 ಕೂಡಿಸದಿದ್ದರೆ ಅರ್ಧಕ್ಕಿಂತ ಜಾಸ್ತಿ ಇರುವ ಪೈಸೆಯೂ ಸುಮ್ನೆ ಹಾರಿಹೋಗುತ್ತದೆ.

ಅಡಿಕೆಯ ತೇವಾಂಶ, ಅಂಗಳದ ಬಿಸಿಲಿನ ಡಿಗ್ರಿ ಬರೆದಿಡುವುದಿದ್ದರೆ ಡಬಲ್ ಧಾರಾಳ ಸಾಕು.