ಮೀಡ್‌ಗೆ ಯಾವ ಜೇನುತುಪ್ಪ? ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆಯಲ್ಲಿ ಮೀಡ್, ಅಂದರೆ ಜೇನುತುಪ್ಪ ಹುದುಗಿಸಿದ ಮದ್ಯ, ಮಾಡೋಣವೆಂದು ಒಂದು ಗ್ಯಾಲನ್‌ನ ಗಾಜಿನ ಜಗ್, ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ), ಯೀಸ್ಟ್ ಎಲ್ಲ ತಂದಿಟ್ಟುಕೊಂಡಿದ್ದೇವೆ. ಜೇನುತುಪ್ಪದ ಬೆಲೆ ನೋಡಿ ಕೈ ಹಿಂದೆ ಬರುತ್ತಿದೆ. ಅಗ್ಗದ ಜೇನಿನಿಂದ ಒಳ್ಳೆಯ ಮೀಡ್ ಆಗುತ್ತದೆಯೇ? ಎಲ್ಲಿ ಕೊಂಡರೆ ಲಾಭ?

ಉತ್ತರ: ಆಗುತ್ತದೆ. ಆದರೆ ಅಗ್ಗದ್ದನ್ನು ಎಲ್ಲಿ ಬಳಸಬೇಕು, ದುಬಾರಿಯದನ್ನು ಎಲ್ಲಿ ಬಳಸಬೇಕು ಎಂಬುದು ಗೊತ್ತಿರಬೇಕು. ಜೇನುತುಪ್ಪದಲ್ಲಿ ಹೆಚ್ಚಿನ ಪಾಲು ಸಕ್ಕರೆ. ಅದನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಕೊನೆಗೆ ಲೋಟದಲ್ಲಿ ಉಳಿಯುವುದು ಹೂವಿನ ಪರಿಮಳ ಮಾತ್ರ, ಅದರಲ್ಲೂ ಒಂದಿಷ್ಟು ಹುದುಗುವಾಗ ಗುಳ್ಳೆಗಳ ಜೊತೆ ಹಾರಿಹೋಗುತ್ತದೆ. ಹಾಗಾಗಿ ನೀವು ಹೆಚ್ಚಿನ ಹಣ ಕೊಡಬೇಕಾದದ್ದು ಪರಿಮಳಕ್ಕೆ, ಸಿಹಿಗಲ್ಲ.

ಮೊದಲು ಲೆಕ್ಕ ಹಾಕೋಣ. 1.25 ಕಿಲೋ ಜೇನಿಗೆ ನೀರು ಸೇರಿಸಿ ಒಟ್ಟು 4 ಲೀಟರ್ ಮಾಡಿದರೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ, ಬರಿಯ ನೀರಿಗೆ 1.000) ಸುಮಾರು 1.091 ತೋರಿಸುತ್ತದೆ. ಅದು 1.000ಕ್ಕೆ ಇಳಿದರೆ ಮದ್ಯಾಂಶ ಶೇ 12ರ ಹತ್ತಿರ. ಅಡಿಯ ಗಸಿ ಬಿಟ್ಟು ತೆಗೆದರೆ 750 ಮಿಲಿಯ ನಾಲ್ಕೂವರೆ ಬಾಟಲಿ ಸಿಗುತ್ತದೆ. ಕಿಲೋಗೆ 10 ಡಾಲರ್ ಎಂದಿಟ್ಟುಕೊಂಡರೆ ಬಾಟಲಿಗೆ ಜೇನಿನ ಖರ್ಚು ಮೂರು ಡಾಲರ್‌ಗೂ ಕಡಿಮೆ. ಈ ನಾಲ್ಕು ಲೀಟರನ್ನು ನಿಮ್ಮ ಗ್ಯಾಲನ್ ಜಗ್‌ನಲ್ಲಿ ಹುದುಗಿಸಬೇಡಿ, ನೊರೆ ಏರ್‌ಲಾಕ್‌ನಿಂದ ಉಕ್ಕಿ ಹರಿಯುತ್ತದೆ. ಮೊದಲ ಎರಡು-ಮೂರು ವಾರ 6-7 ಲೀಟರ್‌ನ, ಆಹಾರಕ್ಕೆ ಬಳಸುವ ಬಕೆಟ್ ಇರಲಿ. ಜಗ್ ಆಮೇಲೆ ತಿಳಿಯಾಗಲು ಬಿಡುವುದಕ್ಕೆ.

ಈಗ ಕೊಳ್ಳುವ ವಿಚಾರ. ಬೆಲೆಯನ್ನು ಬಾಟಲಿಯ ಲೆಕ್ಕದಲ್ಲಿ ನೋಡದೆ ಕಿಲೋ ಲೆಕ್ಕಕ್ಕೆ ಇಳಿಸಿ ಹೋಲಿಸಿ. ಅಮೆರಿಕದಲ್ಲಿ ಜೇನನ್ನು ತೂಕದಲ್ಲೇ ಮಾರುತ್ತಾರೆ: 5 ಪೌಂಡ್ ಡಬ್ಬಿ ಎಂದರೆ 2.27 ಕಿಲೋ, ಒಂದು ಗ್ಯಾಲನ್ ಎಂದರೆ 12 ಪೌಂಡ್ ಅಥವಾ 5.4 ಕಿಲೋ, 5 ಗ್ಯಾಲನ್‌ನ ಬಕೆಟ್ ಎಂದರೆ 60 ಪೌಂಡ್, ಅಂದರೆ 27 ಕಿಲೋ. ಡಬ್ಬಿ ದೊಡ್ಡದಾದಷ್ಟೂ ಕಿಲೋ ಬೆಲೆ ಇಳಿಯುತ್ತದೆ. ಆನ್‌ಲೈನ್‌ನಲ್ಲಿ ಮಾತ್ರ ಎಚ್ಚರ: ಜೇನು ಭಾರದ ಸರಕು, ಸಾಗಣೆ ಖರ್ಚು ಸೇರಿದ ಮೇಲೆ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ. ಹತ್ತಿರದ ಜೇನು ಸಾಕಣೆದಾರರಿಂದ ನಿಮ್ಮದೇ ಬಕೆಟ್ ಒಯ್ದು ತುಂಬಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಹಾರ. ರಾಜ್ಯದ ಜೇನು ಸಾಕಣೆದಾರರ ಸಂಘ, ನ್ಯಾಷನಲ್ ಹನಿ ಬೋರ್ಡ್‌ನ ಹನಿ ಲೊಕೇಟರ್ ಎರಡರಲ್ಲೂ ಹುಡುಕಿ. ಬೇಸಿಗೆಯ ಕೊನೆಗೆ, ತುಪ್ಪ ತೆಗೆದ ಹೊಸತರಲ್ಲಿ, ಕೇಳಿ. ಆಗ ಅವರ ಬಳಿ ದಾಸ್ತಾನು ಇರುತ್ತದೆ, ಬಾಟಲಿಗೆ ತುಂಬುವ ಕೆಲಸ ಉಳಿಯಿತೆಂದು ಬೆಲೆಯಲ್ಲೂ ಬಿಡುತ್ತಾರೆ. ಇಬ್ಬರು ಮೂವರು ಸ್ನೇಹಿತರು ಸೇರಿ 60 ಪೌಂಡ್‌ನ ಬಕೆಟ್ ಕೊಂಡು ಹಂಚಿಕೊಳ್ಳಬಹುದು.

ಮೊದಲ ಬಾರಿಗಾದರೆ ದೊಡ್ಡ ಅಂಗಡಿಯ 5 ಪೌಂಡ್‌ನ ಕ್ಲೋವರ್ ಅಥವಾ ವೈಲ್ಡ್‌ಫ್ಲವರ್ ಜೇನು ಸಾಕು. ಪಾಶ್ಚರೀಕರಿಸಿದ್ದಾದರೂ ಹುದುಗಲು ಅಡ್ಡಿಯಿಲ್ಲ. ಲೇಬಲ್‌ನಲ್ಲಿ ಪದಾರ್ಥ ಒಂದೇ ಇರಬೇಕು: ‘ಹನಿ’, ಅಂದರೆ ಜೇನು. ‘ಹನಿ ಬ್ಲೆಂಡ್’, ‘ಹನಿ ಸಿರಪ್’ ಎಂದಿದ್ದರೆ ಅಲ್ಲೇ ಬಿಟ್ಟುಬಿಡಿ. ‘ರಾ’ (ಹಸಿ, ಕಾಯಿಸದ) ಎಂಬ ಪದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ, ಅದಕ್ಕಾಗಿ ಮಾತ್ರ ಹೆಚ್ಚು ದುಡ್ಡು ಕೊಡಬೇಡಿ. ‘ಗ್ರೇಡ್ ಎ’ ಎಂದರೆ ನೀರಿನಂಶ ಶೇ 18.6 ಮೀರಿಲ್ಲ, ತಿಳಿಯಾಗಿದೆ, ರುಚಿಯಲ್ಲಿ ದೋಷವಿಲ್ಲ ಎಂದರ್ಥ. ಯಾವ ಹೂವಿನದು, ಎಷ್ಟು ಘಮ ಎಂಬುದನ್ನು ಅದು ಹೇಳುವುದಿಲ್ಲ.

ಉಳಿತಾಯದ ನಿಜವಾದ ದಾರಿ ಇದು: 1.25 ಕಿಲೋ ಅಗ್ಗದ ಕ್ಲೋವರ್ ಜೇನಿನಿಂದ ಹುದುಗಿಸಿ. ಪೂರ್ತಿ ಮುಗಿದು, ತಿಳಿಯಾದ ಮೇಲೆ, ಘಮಘಮಿಸುವ ಸುಮಾರು 170 ಗ್ರಾಂ ಜೇನನ್ನು ಕೊನೆಯಲ್ಲಿ ಸಿಹಿಗೆ ಬೆರೆಸಿ. ಫ್ಲಾರಿಡಾದ ಕಿತ್ತಳೆ ಹೂವಿನದು, ಆರೆಗನ್‌ನ ಮೆಡೋಫೋಮ್, ಯಾವುದು ಇಷ್ಟವೋ ಅದು. ಲೀಟರಿಗೆ 50 ಗ್ರಾಂ ಹಾಕಿದರೆ ಹೈಡ್ರೋಮೀಟರ್ ಅಂಕಿ ಸುಮಾರು 0.015 ಏರುತ್ತದೆ, ಹಿತವಾದ ಸಿಹಿ. ಈ ಜೇನಿನ ಪರಿಮಳ ಹುದುಗುವಿಕೆಯಲ್ಲಿ ಹಾಳಾಗದೆ ನೇರವಾಗಿ ಲೋಟಕ್ಕೆ ಬರುತ್ತದೆ. ಬೆರೆಸುವ ಮುಂಚಿನ ದಿನ ಲೀಟರಿಗೆ 0.1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, 0.2 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್ ಹಾಕಲೇಬೇಕು. ಇಲ್ಲವಾದರೆ ಹೊಸ ಸಕ್ಕರೆಗೆ ಯೀಸ್ಟ್ ಮತ್ತೆ ಎದ್ದು ಬಾಟಲಿ ಸಿಡಿಯುತ್ತದೆ. ಗಾಜು ಒಡೆದು ಕಣ್ಣಿಗೆ ಬೀಳುವ ಅಪಾಯವಿದು, ಹಗುರವಾಗಿ ತೆಗೆದುಕೊಳ್ಳಬೇಡಿ.

ಹಣ್ಣು ಅಥವಾ ಮಸಾಲೆ ಹಾಕುವ ಮೀಡ್‌ಗೆ ದುಬಾರಿ ಜೇನು ದಂಡ. ಲವಂಗ, ಚಕ್ಕೆ, ರಾಸ್ಪ್‌ಬೆರಿಗಳ ಮುಂದೆ ಕಿತ್ತಳೆ ಹೂವಿನ ಘಮ ನಿಲ್ಲುವುದಿಲ್ಲ. ಕಪ್ಪು ಬಣ್ಣದ ಬಕ್‌ವೀಟ್ ಜೇನಿನಲ್ಲಿ ಕೊಟ್ಟಿಗೆಯಂಥ ವಾಸನೆ ಇರಬಹುದು. ಒಟ್ಟು ಜೇನಿನ ಕಾಲು ಭಾಗ ಮೀರದಂತೆ ಬೆರೆಸಿ. ‘ಬೇಕರ್ಸ್ ಹನಿ’ ಎಂದು ಮಾರುವುದು ಹೆಚ್ಚು ಕಾಯಿಸಿದ ಅಥವಾ ಹುಳಿ ಬರಲು ತೊಡಗಿದ ಜೇನಾಗಿರಬಹುದು. ರುಚಿ ನೋಡದೆ ಕೊಳ್ಳಬೇಡಿ.

ಅಮೆರಿಕದ ಕೇಂದ್ರ ಕಾನೂನಿನಂತೆ ಮನೆ ಬಳಕೆಗೆ, ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ವೈನ್ ಮಾಡಬಹುದು. ಮೀಡ್ ಇದರಲ್ಲೇ ಬರುತ್ತದೆ. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ನಿಮ್ಮ ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ.

ಪ್ರಶ್ನೆ: ಜೇನು ಅಸಲಿಯೋ ನಕಲಿಯೋ ಎಂದು ಮನೆಯಲ್ಲಿ ಪರೀಕ್ಷಿಸುವುದು ಹೇಗೆ? ನೀರಿಗೆ ಬಿಟ್ಟರೆ ತಳಕ್ಕೆ ಇಳಿಯಬೇಕು, ಬತ್ತಿಗೆ ಹಚ್ಚಿದರೆ ಉರಿಯಬೇಕು ಎನ್ನುತ್ತಾರಲ್ಲ?

ಉತ್ತರ: ಅವುಗಳನ್ನು ನಂಬಬೇಡಿ. ನೀರಿನಲ್ಲಿ ತಳಕ್ಕೆ ಇಳಿಯುವುದು ದಪ್ಪಗಿದೆ ಎಂಬುದನ್ನಷ್ಟೇ ತೋರಿಸುತ್ತದೆ, ಗಟ್ಟಿ ಸಕ್ಕರೆ ಪಾಕವೂ ಹಾಗೆಯೇ ಇಳಿಯುತ್ತದೆ. ಬತ್ತಿಯ ಪರೀಕ್ಷೆ ಹೇಳುವುದು ನೀರಿನಂಶವನ್ನು ಮಾತ್ರ. ಅಸಲಿ ಜೇನಿನಲ್ಲೂ ನೀರು ಹೆಚ್ಚಿದ್ದರೆ ಬತ್ತಿ ಚಟಪಟ ಎನ್ನುತ್ತದೆ. ಇವತ್ತಿನ ಕಲಬೆರಕೆ ಪ್ರಯೋಗಾಲಯಗಳನ್ನೇ ದಾಟುವಂಥದ್ದು. ಮೆಕ್ಕೆಜೋಳದ ಪಾಕ ಬೆರೆಸಿದರೆ ಇಂಗಾಲದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಕ್ಕಿಯ ಪಾಕ ಅದರಿಂದ ತಪ್ಪಿಸಿಕೊಳ್ಳುತ್ತದೆ. 2020ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡ್‌ಗಳ ಜೇನನ್ನು ಜರ್ಮನಿಯಲ್ಲಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಗುರುತಿಸುವ) ಪರೀಕ್ಷೆಗೆ ಕಳಿಸಿದಾಗ 10 ಅದರಲ್ಲಿ ಪಾಸಾಗಲಿಲ್ಲ. ಯುರೋಪಿಯನ್ ಕಮಿಷನ್ 2023ರಲ್ಲಿ ಪ್ರಕಟಿಸಿದ ತಪಾಸಣೆಯಲ್ಲಿ ಆಮದು ಜೇನಿನ 320 ಮಾದರಿಗಳ ಪೈಕಿ 147 ಅನುಮಾನಾಸ್ಪದವಾಗಿದ್ದವು.

ಮೀಡ್ ಮಾಡುವವರಿಗೆ ಉಪಯೋಗಕ್ಕೆ ಬರುವ ಪರೀಕ್ಷೆ ಬೇರೆ ಇದೆ. 30 ಗ್ರಾಂ ಜೇನನ್ನು 90 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಲೋಟಕ್ಕೆ ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು ಮೂಸಿ, ಆಮೇಲೆ ಸವಿಯಿರಿ. ಚಮಚದಲ್ಲಿ ನೆಕ್ಕುವಾಗ ಸಿಹಿ ನಾಲಿಗೆಯನ್ನು ಕಟ್ಟಿಹಾಕಿರುತ್ತದೆ. ನೀರು ಬೆರೆತಾಗ ಪರಿಮಳ ಇದೆಯೋ ಇಲ್ಲವೋ ತಿಳಿಯುತ್ತದೆ. ಎರಡು ಮೂರು ಜೇನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಬರಿಯ ಸಕ್ಕರೆ ನೀರಿನಂತಿದ್ದರೆ ಅದು ಕಲಬೆರಕೆಯೋ, ಅತಿಯಾಗಿ ಸೋಸಿದ್ದೋ, ಕಾಯಿಸಿದ್ದೋ, ಏನೇ ಇರಲಿ, ಅದರ ಮೀಡ್ ಟೊಳ್ಳಾಗಿರುತ್ತದೆ.

ಪ್ರಶ್ನೆ: ಕಳೆದ ವರ್ಷ ಕೊಂಡ ಬಕೆಟ್ ಜೇನು ಕಲ್ಲಿನಂತೆ ಗಟ್ಟಿಯಾಗಿದೆ. ಮೇಲೆ ಒಂದು ಪದರ ತೆಳ್ಳಗಾಗಿ, ಸ್ವಲ್ಪ ನೊರೆ ಬಂದಿದೆ. ಎಸೆಯಬೇಕೇ?

ಉತ್ತರ: ಗಟ್ಟಿಯಾಗುವುದು ಕೆಡುಕಲ್ಲ, ಗ್ಲೂಕೋಸ್ ಹರಳುಗಟ್ಟಿದೆ ಅಷ್ಟೆ. ಹರಳು ಕೆಳಗೆ ಕೂತಾಗ ಮೇಲಿನ ದ್ರವದಲ್ಲಿ ನೀರಿನಂಶ ಹೆಚ್ಚುತ್ತದೆ, ಜೇನಿನಲ್ಲೇ ಇರುವ ಕಾಡು ಯೀಸ್ಟ್ ಅಲ್ಲಿ ಕೆಲಸ ಶುರು ಮಾಡುತ್ತದೆ. ಮೇಲಿನ ಪದರ ತೆಗೆದು ಮೂಸಿ. ವಿನೆಗರ್ ವಾಸನೆ ಬಂದರೆ ಆ ಪದರವನ್ನು ಬಿಸಾಡಿ. ಬ್ರೆಡ್ ಹಿಟ್ಟಿನಂತೆ ಲಘುವಾಗಿ ಹುದುಗಿದ ವಾಸನೆಯಾದರೆ ತಕ್ಷಣ ಮೀಡ್‌ಗೆ ಬಳಸಿಬಿಡಿ. ಕರಗಿಸಲು ಬಕೆಟನ್ನು 40 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಇಡಿ. 27 ಕಿಲೋ ಕರಗಲು ಒಂದೆರಡು ದಿನವೇ ಬೇಕು, ಆತುರಕ್ಕೆ ಒಲೆಯ ಮೇಲಿಟ್ಟರೆ ನೀವು ದುಡ್ಡು ಕೊಟ್ಟ ಪರಿಮಳವೇ ಹೋಗುತ್ತದೆ. ಇನ್ನೂ ಸುಲಭವೆಂದರೆ ಗಟ್ಟಿ ಚಮಚದಿಂದ ಕೆತ್ತಿ, ಬೇಕಾದಷ್ಟು ತೂಗಿ, ನೇರವಾಗಿ ನೀರಿಗೆ ಹಾಕುವುದು. ಜೇನನ್ನು ಕುದಿಸುವ ಹಳೆಯ ಪದ್ಧತಿಯೂ ಬೇಡ.

ಪ್ರಶ್ನೆ: ಒಳ್ಳೆಯ ಜೇನಿಗೇ ಹೆಚ್ಚು ಹಣ ಹಾಕಿದೆವು. ಆದರೂ ನಾಲ್ಕನೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ. ಜೇನೇ ಕೆಟ್ಟಿತ್ತೇ?

ಉತ್ತರ: ಜೇನಿನ ತಪ್ಪಲ್ಲ. ಯೀಸ್ಟ್ ಹಸಿದಿದೆ. ದ್ರಾಕ್ಷಿ ರಸದಲ್ಲಿರುವಷ್ಟು ಸಾರಜನಕ ಜೇನಿನಲ್ಲಿ ಇರುವುದಿಲ್ಲ. ಸಕ್ಕರೆ ರಾಶಿ ಇದ್ದರೂ ಯೀಸ್ಟ್‌ಗೆ ಮೈ ಬೆಳೆಸಲು ಆಹಾರವಿಲ್ಲದಾಗ ಅದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಮನೆಯ ಮೀಡ್ ಕೆಡುವುದು ಜೇನಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. ಕಿಲೋಗೆ ಐದು ಡಾಲರ್ ಹೆಚ್ಚು ಕೊಡುವ ಮೊದಲು ಫರ್ಮೇಯ್ಡ್ ಓ ಎಂಬ ಯೀಸ್ಟ್ ಪೋಷಕದ ಒಂದು ಪೊಟ್ಟಣ ಕೊಳ್ಳಿ.

ಮೇಲಿನ 4 ಲೀಟರ್ ಅಳತೆಗೆ, 71ಬಿ ಯೀಸ್ಟ್ ಬಳಸುವುದಾದರೆ, ಒಟ್ಟು ಸುಮಾರು 3.6 ಗ್ರಾಂ ಫರ್ಮೇಯ್ಡ್ ಓ ಬೇಕು. ಅದನ್ನು 0.9 ಗ್ರಾಂನಂತೆ ನಾಲ್ಕು ಪಾಲು ಮಾಡಿ, ಯೀಸ್ಟ್ ಹಾಕಿದ 24, 48, 72 ಗಂಟೆಗಳಿಗೆ ಒಂದೊಂದು ಪಾಲು ಕೊಡಿ. ಕೊನೆಯದನ್ನು ಹೈಡ್ರೋಮೀಟರ್ ಅಂಕಿ 1.060ಕ್ಕೆ ಇಳಿದಾಗ ಅಥವಾ ಏಳನೇ ದಿನ, ಯಾವುದು ಮೊದಲೋ ಆಗ. ಪುಡಿಯನ್ನು ನೇರವಾಗಿ ಸುರಿದರೆ ಕರಗಿದ ಗ್ಯಾಸ್ ಒಮ್ಮೆಲೇ ಹೊರಬಂದು ಹಾಲು ಉಕ್ಕಿದಂತೆ ಉಕ್ಕುತ್ತದೆ. ಮೊದಲು ನಿಧಾನವಾಗಿ ಕಲಕಿ ಗ್ಯಾಸ್ ಬಿಡಿಸಿ, ಪುಡಿಯನ್ನು ಎರಡು ಚಮಚ ನೀರಿನಲ್ಲಿ ಕದಡಿ ಹಾಕಿ. ಯೀಸ್ಟನ್ನೂ ಒಣಗಿದ್ದನ್ನೇ ಉದುರಿಸಬೇಡಿ. 2 ಗ್ರಾಂ ಯೀಸ್ಟ್‌ಗೆ 2.5 ಗ್ರಾಂ ಗೋ-ಫರ್ಮ್ (ಒಣ ಯೀಸ್ಟ್ ನೆನೆಸುವಾಗ ಹಾಕುವ ಪೋಷಕ), 50 ಮಿಲಿ ನೀರು. ನೀರು 40 ಡಿಗ್ರಿ ಇರಲಿ. ಅದರಲ್ಲಿ ಮೊದಲು ಗೋ-ಫರ್ಮ್, ಆಮೇಲೆ ಯೀಸ್ಟ್ ಹಾಕಿ 15-20 ನಿಮಿಷ ಬಿಡಿ.

ನಿಮ್ಮ ಮೀಡ್ ನಾಲ್ಕನೇ ದಿನದಲ್ಲೇ ಇರುವುದರಿಂದ ಕಾಲ ಮಿಂಚಿಲ್ಲ. ಅಂಕಿ 1.060ಕ್ಕಿಂತ ಮೇಲಿದ್ದರೆ ಇವತ್ತೇ ಒಂದು ಪಾಲು ಪೋಷಕ ಕೊಟ್ಟು, ದಿನಕ್ಕೆ ಎರಡು ಸಲ ಜೋರಾಗಿ ಕಲಕಿ. ವಾಸನೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮದ್ಯಾಂಶ ಶೇ 9 ದಾಟಿದ ಮೇಲೆ ಡಿಎಪಿಯಂಥ (ಡೈಅಮೋನಿಯಂ ಫಾಸ್ಫೇಟ್) ಪೋಷಕ ಹಾಕಿ ಪ್ರಯೋಜನವಿಲ್ಲ, ಯೀಸ್ಟ್ ಆಗ ಅದನ್ನು ತೆಗೆದುಕೊಳ್ಳುವುದಿಲ್ಲ. ಕೋಣೆಯ ಬಿಸಿಯನ್ನೂ ನೋಡಿ. ಡಿ47 ಯೀಸ್ಟ್ 20 ಡಿಗ್ರಿ ಮೇಲಾದರೆ ಗಂಟಲು ಸುಡುವ ಒರಟು ಮದ್ಯ ಕೊಡುತ್ತದೆ, ತಂಪು ಕೋಣೆಯಿಲ್ಲದ ಮನೆಗೆ 71ಬಿ ವಾಸಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಮಾರಾಟಕ್ಕಲ್ಲ, ಮನೆಯವರಿಗೆ ಮಾತ್ರ ಮಾಡಿಕೊಳ್ಳಬಹುದೇ?

ಉತ್ತರ: ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತಕ್ಕೆ ಎಂಬುದು ಅದಕ್ಕೆ ಸಮಜಾಯಿಷಿಯಾಗುವುದಿಲ್ಲ. ರುಚಿ ತಿಳಿಯುವ ಆಸೆಯಿದ್ದರೆ ಪುಣೆಯ ಮೂನ್‌ಶೈನ್, ನಾಸಿಕ್‌ನ ಸೆರಾನಾ ಪರವಾನಗಿ ಪಡೆದು ಮೀಡ್ ತಯಾರಿಸುತ್ತವೆ. ಸೆರಾನಾ ಎಂಬುದು ನಮ್ಮ ತುಡುವೆ ಜೇನಿನ ವೈಜ್ಞಾನಿಕ ಹೆಸರಿನಿಂದಲೇ ಬಂದ ಪದ. ಮೀಡ್ ಎಂಬ ಪದವೂ ದೂರದ್ದಲ್ಲ, ಅದೂ ಸಂಸ್ಕೃತದ ‘ಮಧು’ವೂ ಒಂದೇ ಬೇರಿನಿಂದ ಚಿಗುರಿದವು.

ಪ್ರಶ್ನೆ: ಸಿಯಾಟಲ್‌ನಲ್ಲಿದ್ದೇವೆ. ಅತ್ತೆ ಶಿರಸಿಯಿಂದ ಬರುವಾಗ ಒಂದು ಬಾಟಲಿ ತುಡುವೆ ಜೇನು ತಂದಿದ್ದಾರೆ. ಅದನ್ನು ಮೀಡ್‌ಗೆ ಹಾಕಬಹುದೇ?

ಉತ್ತರ: ಹುದುಗಿಸಲು ಹಾಕಬೇಡಿ, ಕೊನೆಯ ಸಿಹಿಗೆ ಇಟ್ಟುಕೊಳ್ಳಿ. ಮಲೆನಾಡಿನ ತುಡುವೆ, ಹೆಜ್ಜೇನುಗಳ ತುಪ್ಪದಲ್ಲಿ ನೀರಿನಂಶ ಶೇ 20 ದಾಟುವುದು ಸಾಮಾನ್ಯ. ಶೇ 22 ಇದ್ದರೆ, ಶೇ 18ರ ಜೇನಿಗೆ ಹೋಲಿಸಿದಾಗ ಅದೇ ತೂಕದಲ್ಲಿ ಸಕ್ಕರೆ ಶೇ 5ರಷ್ಟು ಕಡಿಮೆ. 1.25 ಕಿಲೋಗೆ 60 ಗ್ರಾಂ ಹೆಚ್ಚು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಅಷ್ಟು ಜೇನನ್ನು ಯೀಸ್ಟ್‌ಗೆ ತಿನ್ನಿಸಿ ಕಾಡುಹೂವಿನ ಆ ಪರಿಮಳದ ಅರ್ಧ ಕಳೆದುಕೊಳ್ಳುವುದು ನಷ್ಟವೇ. ಮಿಸರಿ (ಕುಟುಕದ ಪುಟ್ಟ ನೊಣದ) ಜೇನಾಗಿದ್ದರಂತೂ ಮೀಡ್‌ನ ಹತ್ತಿರ ತರಬೇಡಿ, ಅಷ್ಟು ಕಡಿಮೆ ಸಿಗುವ ತುಪ್ಪ ಅದು. ಔಷಧಿಗೆ ಇರಲಿ.

ತುಡುವೆಯದನ್ನು ಮೊದಲು ತೆಳುವಾದ ಬಟ್ಟೆಯಲ್ಲಿ ಸೋಸಿ. ಜೇನುಗೂಡಿನ ರಟ್ಟು ಹಿಂಡಿ ತೆಗೆದಿದ್ದರೆ ಮೇಣ, ಪರಾಗ ಉಳಿದು ಮೀಡ್ ಮಬ್ಬಾಗುತ್ತದೆ. ಕಾಯಿಸದ ಈ ತುಪ್ಪದಲ್ಲಿ ಕಾಡು ಯೀಸ್ಟ್ ಇದ್ದೇ ಇರುತ್ತದೆ, ಆದ್ದರಿಂದ ಸಲ್ಫೈಟ್, ಸಾರ್ಬೇಟ್ ಎರಡನ್ನೂ ಮೇಲೆ ಹೇಳಿದ ಅಳತೆಯಲ್ಲಿ ಮುಂಚೆಯೇ ಹಾಕಿರಬೇಕು. ಒಂದು ಲೋಟ ಮೀಡ್‌ನಲ್ಲಿ 170 ಗ್ರಾಂ ಜೇನನ್ನು ಕರಗಿಸಿ ಜಗ್‌ಗೆ ಸುರಿದು, ನೊರೆಯೇಳದಂತೆ ಕಲಕಿ, ಅಂಕಿ ಬರೆದಿಟ್ಟುಕೊಳ್ಳಿ. ಎರಡು ವಾರ ಏರ್‌ಲಾಕ್ ಹಾಕಿಯೇ ಇಟ್ಟು, ಅಂಕಿ ಕದಲಿಲ್ಲವೆಂದು ಕಂಡ ಮೇಲೆ ಬಾಟಲಿಗೆ ತುಂಬಿ.