ಬಾಲ ನೋಡಿ ಜೋಡಿ ಮಾಡಿ

ಪ್ರಶ್ನೆ: ಮರಿಗಳು ಬೇಗ ಸಿಗಲೆಂದು, ನಾನು ಸಾಕಿರುವ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಗಳ ಜೋಡಿಯನ್ನು ಡಿಸೆಂಬರ್ ಕೊನೆಯಲ್ಲೇ ಒಂದೇ ಗೂಡಿಗೆ ಬಿಟ್ಟೆ. ಹೆಣ್ಣು ಇಟ್ಟ ಮೊದಲ ಎರಡು ಮೊಟ್ಟೆಗಳೂ ವಾರದೊಳಗೆ ಹಳದಿಗಟ್ಟಿ ಕುಸಿದವು. ಅದರ ತೂಕ 56 ಗ್ರಾಂನಿಂದ 47ಕ್ಕೆ ಇಳಿದಿದೆ. ಈಗ ಬೇರೆ ಇಟ್ಟಿರುವ ಗಂಡನ್ನು ಮತ್ತೆ ಜೊತೆಗೆ ಬಿಡಬಹುದೆ?

ಉತ್ತರ: ಸದ್ಯಕ್ಕೆ ಬೇಡ. ಋತುವಿನ ಮೊದಲ ಮೊಟ್ಟೆಗಳು, ಅದರಲ್ಲೂ ಚೊಚ್ಚಲ ಹೆಣ್ಣಿನವು, ಫಲ ಕಟ್ಟದೆ ಹೋಗುವುದು ಮಾಮೂಲಿ ಸಂಗತಿ, ಅದಕ್ಕಾಗಿ ಪೇಚಾಡಬೇಕಿಲ್ಲ. ನನ್ನ ಚಿಂತೆಯೆಲ್ಲ ಆ 9 ಗ್ರಾಂಗಳ ಬಗ್ಗೆ. ಎರಡು ಮೊಟ್ಟೆಗಳ ಪಾಲಿಗೆ ಐದಾರು ಗ್ರಾಂ ಬಿಟ್ಟರೂ ಉಳಿದ ಇಳಿಕೆಯನ್ನು ಅದರ ಬಾಲದಲ್ಲಿ ಹುಡುಕಬೇಕು, ಏಕೆಂದರೆ ಈ ಪ್ರಾಣಿ ಕೊಬ್ಬನ್ನು ಕೂಡಿಡುವುದು ಅಲ್ಲಿಯೇ. ಬಾಲದ ಬುಡ ಕತ್ತಿಗಿಂತ ತೆಳ್ಳಗಾಗಿದ್ದರೆ, ಕ್ಯಾಲೆಂಡರ್ ಏನೇ ಹೇಳಲಿ, ಆ ಹೆಣ್ಣಿನ ಋತು ಇನ್ನೂ ಬಂದಿಲ್ಲವೆಂದೇ ತಿಳಿಯಿರಿ.

ಆದರೆ ಗಂಡನ್ನು ದೂರವಿಟ್ಟ ಮಾತ್ರಕ್ಕೆ ಮೊಟ್ಟೆ ನಿಲ್ಲುವುದಿಲ್ಲ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಂಡು, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಎರಡೆರಡರಂತೆ ಹಲವು ಸಲ ಇಡಬಲ್ಲದು. ಮುಂದಿನವು ಫಲಿತವೂ ಆಗಿರಬಹುದು. ಹೊಟ್ಟೆಯ ಅಡಿಭಾಗವನ್ನು ಗಮನಿಸುತ್ತಿರಿ: ತೆಳು ಚರ್ಮದ ಹಿಂದೆ ಎರಡು ಬಿಳಿಯ ಅಂಡಾಕಾರಗಳು ಕಂಡರೆ ಇಡುವ ದಿನ ಹತ್ತಿರವಾಗಿದೆ. ತೇವದ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ತುಂಬಿದ ಮುಚ್ಚಳದ ಡಬ್ಬಿಯೊಂದು ಗೂಡಿನಲ್ಲಿ ಸದಾ ಇರಲಿ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಆಹಾರದಿಂದ ಸಾಲದೆ ಹೋದರೆ ತಾಯಿಯ ಮೂಳೆಯಿಂದಲೇ ಹೋಗುತ್ತದೆ. ಆದ್ದರಿಂದ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ, ಗೂಡಿನ ಮೂಲೆಯ ಬಟ್ಟಲಲ್ಲೂ ಸ್ವಲ್ಪ ಇಡಿ. ಕಾಲ್ಬೆರಳುಗಳು ಅದುರತೊಡಗಿದರೆ, ಇಲ್ಲವೇ ಹೊಟ್ಟೆ ತುಂಬಿದ್ದೂ ದಿನಗಟ್ಟಲೆ ತಿಣುಕುತ್ತಿದ್ದರೆ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಪ್ರಶ್ನೆ: ಗೆಕ್ಕೊ ಮೊಟ್ಟೆಗಳನ್ನು ಕೋಳಿಮೊಟ್ಟೆಯಂತೆ ದಿನವೂ ಹೊರಳಿಸಬೇಕೆ? ಹೆಣ್ಣುಮರಿಗಳೇ ಬೇಕೆಂದರೆ ಎಷ್ಟು ಶಾಖ ಕೊಡಬೇಕು?

ಉತ್ತರ: ಹೊರಳಿಸಲೇಬಾರದು. ಇಟ್ಟ ಒಂದೆರಡು ದಿನಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಅದು ಸತ್ತೇ ಹೋಗಬಹುದು. ಎತ್ತುವ ಮೊದಲೇ ನೆತ್ತಿಯ ಮೇಲೆ ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಆ ಚುಕ್ಕೆ ಮೇಲಿರುವಂತೆಯೇ ಕಾವುಪೆಟ್ಟಿಗೆಗೆ ಸಾಗಿಸಿ. ಲೆಪರ್ಡ್ ಗೆಕ್ಕೊಗಳಲ್ಲಿ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಹುತೇಕ ಹೆಣ್ಣುಗಳೂ 32.5ರ ಸುತ್ತ ಹೆಚ್ಚಾಗಿ ಗಂಡುಗಳೂ ಹುಟ್ಟುತ್ತವೆ. ಅದಕ್ಕೂ ಮೇಲೇರಿದರೆ ಮತ್ತೆ ಹೆಣ್ಣುಗಳೇ ಹೆಚ್ಚು, ಆದರೆ ಆ ದಾರಿ ಹಿಡಿಯುವವರನ್ನು ನಾನು ಮೆಚ್ಚಲಾರೆ: ಅಲ್ಲಿ ಮೊಟ್ಟೆ ಕೆಡುವುದೂ ಹೆಚ್ಚು. ಕಡಿಮೆ ಶಾಖದಲ್ಲಿ ಮರಿಯಾಗಲು ಎರಡು ತಿಂಗಳು ಮೀರಬಹುದು, ಕಾಯಿರಿ.

ಪ್ರಶ್ನೆ: ಕಾರ್ನ್ ಸ್ನೇಕ್ ಎಂಬ ಸಾಕುಹಾವಿನ ಜೋಡಿಯನ್ನು ಕೂಡಿಸುವ ಮೊದಲು ಚಳಿಗೆ ಇಡಬೇಕೆನ್ನುತ್ತಾರೆ, ನಿಜವೆ?

ಉತ್ತರ: ಕಡ್ಡಾಯವಲ್ಲದಿದ್ದರೂ ಎರಡು ತಿಂಗಳ ತಂಪು ಅವುಗಳಿಗೆ ಋತು ಬದಲಾದ ಸುಳಿವು ಕೊಡುತ್ತದೆ. ಆದರೆ ತಂಪಿಗಿಡುವ ಎರಡು ವಾರ ಮೊದಲೇ ಆಹಾರ ನಿಲ್ಲಿಸಿ, ಹೊಟ್ಟೆ ಖಾಲಿಯಾಗುವವರೆಗೆ ಎಂದಿನ ಶಾಖದಲ್ಲೇ ಇರಿಸಿ. ಮೈ ತಣ್ಣಗಾದ ಹಾವಿಗೆ ಅರಗಿಸುವ ಶಕ್ತಿಯಿರುವುದಿಲ್ಲ. ನುಂಗಿದ ಇಲಿ ಒಳಗೇ ಕೊಳೆಯುತ್ತದೆ. ಕುಡಿಯುವ ನೀರನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.