ಹುಡುಗಿಯ ಜೊತೆ 16 ಗುಣ, ವ್ಯಾಪಾರದ ಪಾಲುದಾರನ ಜೊತೆ 27: ಯಾವುದನ್ನು ನಂಬಲಿ?

ನೀವು ಕೇಳಿದ್ದು ಇಷ್ಟು: ಕಲಬುರಗಿಯಲ್ಲಿ ಗೆಳೆಯನ ಜೊತೆ ತೊಗರಿಬೇಳೆ ವ್ಯಾಪಾರ ಶುರು ಮಾಡಬೇಕು, ಮೆಚ್ಚಿದ ಹುಡುಗಿಯನ್ನು ಮದುವೆಯಾಗಬೇಕು. ಆ್ಯಪ್‌ನಲ್ಲಿ ಜಾತಕ ಹೊಂದಿಸಿ ನೋಡಿದರೆ ಗೆಳೆಯನ ಜೊತೆ 36ಕ್ಕೆ 27 ಗುಣ ಬಂತು, ಹುಡುಗಿಯ ಜೊತೆ 16. ಈಗೇನು ಮಾಡಬೇಕು?

ಮೊದಲು ಆ 27 ಅನ್ನು ತೆಗೆದುಹಾಕ್ರಿ. ಈ 36 ಅಂಕದ ಲೆಕ್ಕಕ್ಕೆ ಅಷ್ಟಕೂಟ, ಅಂದರೆ ಎಂಟು ಕೂಟಗಳ ಹೊಂದಾಣಿಕೆ ಅನ್ನುತ್ತಾರೆ. ಅದು ಇರೋದು ವಧೂವರರಿಗೆ. ಯೋನಿ, ನಾಡಿ ನೋಡಿ ಅಂಗಡಿಯ ಪಾಲುದಾರನನ್ನು ಅಳೆಯೋದಕ್ಕೆ ಅರ್ಥವೇ ಇಲ್ಲ.

ಇನ್ನು 16. ಒಟ್ಟು ನೋಡಬ್ಯಾಡ್ರಿ, ಬಿಡಿ ಅಂಕ ನೋಡ್ರಿ. ಒಂದೊಂದು ಕೂಟಕ್ಕೆ ಗರಿಷ್ಠ ಅಂಕ ಇಷ್ಟು: ವರ್ಣ 1, ವಶ್ಯ 2, ತಾರೆ 3, ಯೋನಿ 4, ಗ್ರಹಮೈತ್ರಿ 5, ಗಣ 6, ರಾಶಿಕೂಟ 7, ನಾಡಿ 8. ನಾಡಿ, ರಾಶಿಕೂಟ ಎರಡೂ ಸೊನ್ನೆಯಾದರೆ ಒಂದೇ ಏಟಿಗೆ 15 ಹೋಗುತ್ತವೆ. ಉಳಿದ 21ರಲ್ಲಿ 16 ಬಂದಿದ್ದರೆ ಮನಸ್ಸು, ಸ್ವಭಾವ ಹೇಳುವ ಕೂಟಗಳು ಚೆನ್ನಾಗೇ ಇವೆ. ನಾಡಿ ಪೂರ್ತಿ ಬಂದು ಗಣ, ಗ್ರಹಮೈತ್ರಿ ಸೊನ್ನೆಯಾಗಿದ್ದರೆ ಅದೇ 16ರ ಮಾತೇ ಬೇರೆ. ಮತ್ತೊಂದು ಗಮನದಲ್ಲಿರಲಿ. ಈ ಎಂಟೂ ಚಂದ್ರನಿಂದ ತೆಗೆದ ಲೆಕ್ಕ, ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಆ ಹುಡುಗಿ ಹುಟ್ಟಿದ ದಿನ ಹುಟ್ಟಿದವರಲ್ಲಿ ಬಹುಪಾಲು ಜನರ ಜೊತೆ ನಿಮಗೆ ಅದೇ ಅಂಕ ಬರುತ್ತದೆ.

ಹೆಚ್ಚಿನ ತಪ್ಪು ಆಗೋದು ಹುಟ್ಟಿದ ಹೊತ್ತಿನಲ್ಲಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತ ಇದ್ದರೆ ನಂಬಬ್ಯಾಡ್ರಿ, ಮಾಸ್ತರರು ಬರೆಸಿದ್ದಿರಬಹುದು. ಅವ್ವನನ್ನೋ ಅಜ್ಜಿಯನ್ನೋ ಕೇಳ್ರಿ. "ಎಳ್ಳಮಾಸಿ ಮರುದಿನ, ದನ ಮನೆಗೆ ಬರೋ ಹೊತ್ತು" ಅಂದರೆ ಹಳೆಯ ಪಂಚಾಂಗದಲ್ಲಿ ಮಾರ್ಗಶಿರದ ಅಮಾವಾಸ್ಯೆ ಹುಡುಕಿದರೆ ತಾರೀಖು ಸಿಗುತ್ತದೆ. ನಸುಕಿನ 2ಕ್ಕೆ ಹುಟ್ಟಿದವರಿಗೆ ಪಂಚಾಂಗದ ವಾರ ಹಿಂದಿನ ದಿನದ್ದೇ, ಇಂಗ್ಲಿಷ್ ತಾರೀಖು ಮಾತ್ರ ಮುಂದಿನದು. ಕಲಬುರಗಿಯ ಸ್ಥಳೀಯ (ಸೂರ್ಯನ ಲೆಕ್ಕದ) ಸಮಯ ಗಡಿಯಾರಕ್ಕಿಂತ 22-23 ನಿಮಿಷ ಹಿಂದೆ. ಆ್ಯಪ್ ಇದನ್ನು ತಾನೇ ಕಳೆಯುತ್ತದೆ. ಕೈಬರಹದ ಜಾತಕದಲ್ಲಿ ಮೊದಲೇ ಕಳೆದು ಬರೆದ ಹೊತ್ತನ್ನು ಆ್ಯಪ್‌ಗೆ ಹಾಕಿದರೆ ಎರಡು ಸಲ ಕಳೆದಂತಾಗುತ್ತದೆ. ಲಗ್ನ ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿರುವ ರಾಶಿ; ಅದರ ಒಂಬತ್ತನೇ ಒಂದು ಪಾಲಿನಿಂದ ತೆಗೆಯುವ ನವಾಂಶ ಲಗ್ನ ಸುಮಾರು 13 ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಅದಂತೂ ಕೆಟ್ಟಂತೆಯೇ.

ಹೊತ್ತು ಸರಿಹೋದ ಮೇಲೆ ಲಗ್ನದಿಂದ ಏಳನೇ ಮನೆಗೆ ಬರ್ರಿ. ಹೆಂಡತಿಗೂ ವ್ಯಾಪಾರದ ಪಾಲುದಾರನಿಗೂ ನಮ್ಮ ಶಾಸ್ತ್ರ ಕೊಟ್ಟಿರೋದು ಒಂದೇ ಮನೆ, ಸಪ್ತಮ. ನನಗೆ ಜಾತಕದಲ್ಲಿ ಬಹಳ ಉಪಯೋಗಕ್ಕೆ ಬರುವ ಜಾಗ ಇದೇ, ಯಾಕಂದರೆ ಎದುರಿನವರ ಜೊತೆ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಅದು ನಿಮ್ಮನ್ನೇ ಕೇಳುತ್ತದೆ. ಸಪ್ತಮಾಧಿಪತಿ, ಅಂದರೆ ಏಳನೇ ಮನೆಯ ಒಡೆಯನಾದ ಗ್ರಹ, ಆರನೇ ಮನೆಯಲ್ಲಿದ್ದಾನೆ ಅನ್ನಿ, ಅದು ಸಾಲ, ಜಗಳ, ನೌಕರಿಯ ಮನೆ. "ದೋಷ" ಅಂತ ಹೆದರಬ್ಯಾಡ್ರಿ, ಪ್ರಶ್ನೆ ಮಾಡಿಕೊಳ್ರಿ. ಬ್ಯಾಂಕಿನ ಸಾಲ ಯಾರ ಹೆಸರಿಗೆ? ಗಂಜ್ ಮಾರುಕಟ್ಟೆಯಲ್ಲಿ ಉದ್ರಿ ಕೊಟ್ಟ ಮಾಲಿನ ಬಾಕಿ ಯಾರು ವಸೂಲಿ ಮಾಡಬೇಕು? ಮದುವೆಯಾದ ಮೇಲೆ ನೀವಿಲ್ಲಿ, ಅವರ ನೌಕರಿ ಹೈದರಾಬಾದಿನಲ್ಲಾದರೆ ಯಾರು ಊರು ಬಿಡುವವರು?

ಜಾತಕ ನಿಮ್ಮ ಬದುಕಿಗೆ ಹೊಂದುತ್ತದೋ ಇಲ್ಲವೋ ನೋಡಲು ಒಂದು ನೋಟ್‌ಬುಕ್ ಇಡ್ರಿ. ಜಾತಕ ತೆರೆಯುವ ಮೊದಲೇ ಕೆಲಸದ್ದು, ಸಂಬಂಧದ್ದು ಸೇರಿ 8-10 ಘಟನೆಗಳನ್ನು ತಿಂಗಳು, ವರ್ಷದ ಸಮೇತ ಬರೀರಿ. ದಶಾ-ಭುಕ್ತಿಯ (ಯಾವ ಗ್ರಹದ ಕಾಲ ಯಾವಾಗ ಎಂಬ ಲೆಕ್ಕ) ತಾರೀಖುಗಳನ್ನು ಆಮೇಲೆ ಪಕ್ಕದಲ್ಲಿ ಬರೀರಿ. ಮೊದಲೇ ಜಾತಕ ನೋಡಿದರೆ ನೆನಪು ಅದಕ್ಕೆ ತಕ್ಕಂತೆ ಬಾಗುತ್ತದೆ. ಹೊಂದದಿದ್ದರೆ ಹೊಂದಲಿಲ್ಲ ಅಂತಲೇ ಬರೀರಿ. ಹುಟ್ಟಿದ ಹೊತ್ತು 1 ಗಂಟೆ ತಪ್ಪಿದ್ದರೂ ಶುಕ್ರ ದಶೆಯಲ್ಲಿ ಹುಟ್ಟಿದವರಿಗೆ ತಾರೀಖುಗಳು ಸುಮಾರು 10 ತಿಂಗಳು ಸರಿಯುತ್ತವೆ. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಷಾನ್ ಕಾರ್ಲ್ಸನ್ ಅವರ ಪರೀಕ್ಷೆಯಲ್ಲಿ ಪಾಶ್ಚಾತ್ಯ ಜ್ಯೋತಿಷಿಗಳು ಜಾತಕ ನೋಡಿ ವ್ಯಕ್ತಿಯ ಸ್ವಭಾವ ಗುರುತಿಸುವಲ್ಲಿ ಬರೀ ಊಹೆಗಿಂತ ಮುಂದೆ ಹೋಗಲಿಲ್ಲ. ಅದಕ್ಕೇ ತೀರ್ಪನ್ನು ಜಾತಕಕ್ಕೆ ಬಿಡಬ್ಯಾಡ್ರಿ ಅನ್ನೋದು.

ಪಾಲುದಾರಿಕೆಗೆ ಮೊದಲು ಕರಾರುಪತ್ರ ಬರೆಸ್ರಿ. ಬೇರೆ ಕರಾರು ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯಂತೆ ಲಾಭ-ನಷ್ಟ ಸಮಪಾಲು, ನೀವು ನೂರಕ್ಕೆ 70 ಬಂಡವಾಳ ಹಾಕಿದ್ದರೂ ಅಷ್ಟೇ. ಹುಡುಗಿಗೆ "16 ಬಂದಿದೆ" ಅಂತ ಸುದ್ದಿ ಮುಟ್ಟಿಸಬ್ಯಾಡ್ರಿ. ಮೇಲಿನ ಪ್ರಶ್ನೆಗಳನ್ನು ಇಬ್ಬರೂ ಕೂತು ಮಾತಾಡ್ರಿ. ಎಂಟು ಕೂಟದ ಬಿಡಿ ಅಂಕ ಇಲ್ಲಿ ಹಾಕಿದರೆ ಎಲ್ಲಿ ಕಡಿಮೆಯಾಗಿದೆ ಹೇಳುತ್ತೇನೆ. ಆದರೆ ಹೆಸರು, ಹುಟ್ಟಿದ ತಾರೀಖು ಹಾಕಬ್ಯಾಡ್ರಿ.